ಬಣ್ಣ ಬಿಟ್ಟ ಗುಲಾಬಿ

ಟೈಲರ್ ಮಾಮ ಎದೆಯುಬ್ಬಿಸಿ ಮಗಳಿಗೆ ಫೋನಿನಲ್ಲಿ ಸಾರಿಬಿಟ್ಟರು: ಅಮ್ಮನ ಗಿಡಗಳ ಚಿಂತೆ ನೀನು ಬಿಡು, ನಾನಿದ್ದೇನೆ. ಕೋಟು ಹೊಲಿದು ನ್ಯಾಯಾಧೀಶರ ಬೊಜ್ಜನ್ನೇ ಮಾಯ ಮಾಡಿದ ಕೈ ಇದು. ಗಿಡಕ್ಕೇನು ತೋಳಿದೆಯೇ, ಕಾಲರ್ ಇದೆಯೇ, ಟ್ರಯಲ್‌ಗೆ ಬಂದು ಕಂಕುಳಲ್ಲಿ ಬಿಗಿ ಎಂದು ತಕರಾರು ಮಾಡುತ್ತದೆಯೇ? ನೀರು ಹಾಕಿದರಾಯಿತು, ತಾನೇ ಬೆಳೆಯುತ್ತದೆ!

ಮಗಳು ಆ ಕಡೆಯಿಂದ ಮೆಲ್ಲಗೆ, ಸರಿ ಅಪ್ಪ ಎಂದಳು. ಮೊದಲಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು. ಚಳಿಗಾಲದ ಕೊನೆಗೆ ಅಮ್ಮ ಹೋದ ಮೇಲೆ ಅವಳು ಅಪ್ಪನ ಮಾತಿಗೆ ನಗುವುದನ್ನೂ ಬಿಟ್ಟಿದ್ದಳು, ಎದುರಾಡುವುದನ್ನೂ ಬಿಟ್ಟಿದ್ದಳು.

ಅವಳೊಬ್ಬಳೇ ಅಲ್ಲ. ಇಡೀ ಬೀದಿಯೇ ಟೈಲರ್ ಮಾಮನ ಹತ್ತಿರ ಹತ್ತಿಯಲ್ಲಿ ಸುತ್ತಿದ ಮಾತಾಡುತ್ತಿತ್ತು. ಎದುರು ಮನೆಯ ವಕೀಲರ ಪ್ಯಾಂಟಿನ ಒಂದು ಕಾಲನ್ನು ಮಾಮ ಗಿಡ್ಡ ಹೊಲಿದುಬಿಟ್ಟರು. ಅಂಗಿಗೆ ಗುಂಡಿ ಒಂದು ಕಡಿಮೆ ಇದ್ದರೆ ಕೋರ್ಟಿನಲ್ಲಿ ವಾದಿಸುವ ಹಾಗೆ ವಾದಿಸುತ್ತಿದ್ದ ಆ ಮನುಷ್ಯ, ಪರವಾಗಿಲ್ಲ ಬಿಡಿ ಮಾಮ ಎಂದು ಪ್ಯಾಂಟನ್ನು ಮಡಚಿಕೊಂಡು ಹೋದರು. ಮಾಮನಿಗೆ ಅದೇ ದೊಡ್ಡ ಸಂಕಟವಾಯಿತು. ಜನ ಇಷ್ಟು ಒಳ್ಳೆಯವರಾಗಿಬಿಟ್ಟರೆ ಮನುಷ್ಯ ಬದುಕುವುದು ಹೇಗೆ?

ಇನ್ನು ಗಿಡಗಳ ವಿಷಯ. ಮನೆಯ ಹಿಂದೆ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ಹೆಂಡತಿ ಸಾಲಾಗಿ ಗುಲಾಬಿಯ ಕುಂಡಗಳನ್ನು ಇಟ್ಟಿದ್ದರು. ಫೋನಿನಲ್ಲಿ ಅವರಿಗೊಂದು ಗುಂಪಿತ್ತು. ಊರೂರಿನ ಗಿಡದ ಹುಚ್ಚರು ಸೇರಿದ್ದ ಆ ಗುಂಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ಒಬ್ಬರ ಗಿಡಕ್ಕೆ ಹುಳ ಬಿದ್ದರೆ ಎಲ್ಲರಿಗೂ ಊಟ ಸೇರುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆಯಾಯಿತೆಂದರೆ ಎಲ್ಲರೂ ತಮ್ಮ ತಮ್ಮ ಅಂಗಳದ ಫೋಟೋ ಹಾಕಲೇಬೇಕು. ಒಬ್ಬರದು ಒಡೆದ ಬಕೀಟಿನಲ್ಲಿ ಟೊಮೇಟೊ, ಇನ್ನೊಬ್ಬರದು ಹಳೆಯ ಸೈಕಲ್ ಚಕ್ರಕ್ಕೆ ಹಬ್ಬಿಸಿದ ಬಳ್ಳಿ. ಗುಂಪಿನ ಯಜಮಾನಿಕೆ ನಿವೃತ್ತ ಶಿಕ್ಷಕಿಯೊಬ್ಬರದು. ಅವರು ಹಾಕುವುದು ಬರೀ ತಮ್ಮ ಗೊಬ್ಬರದ ಗುಂಡಿಯ ಫೋಟೋ. ಹಾಗಾಗಿ ಎಲ್ಲರ ಬಾಯಲ್ಲಿ ಅವರು ಗೊಬ್ಬರ ಟೀಚರ್.

ಹೆಂಡತಿ ಹೋದ ಮೇಲಿನ ಮೊದಲ ಭಾನುವಾರವೇ ಆಕೆಯ ಫೋನು ಟಿಣ್ ಎಂದಿತು. "ಅಕ್ಕಾ, ಈ ವಾರ ನಿಮ್ಮ ಫೋಟೋ ಎಲ್ಲಿ?" ಟೈಲರ್ ಮಾಮ ಕನ್ನಡಕ ಏರಿಸಿಕೊಂಡು, "ಅವಳು ತೀರಿಕೊಂಡಳು" ಎಂದು ಒಂದೊಂದೇ ಅಕ್ಷರ ಒತ್ತಿದರು. ಬರೆದದ್ದನ್ನು ನೋಡಿದರು. ಆಮೇಲೆ ತಪ್ಪು ಹೊಲಿಗೆ ಬಿಚ್ಚಿದ ಹಾಗೆ ಕೊನೆಯಿಂದ ಒಂದೊಂದೇ ಅಕ್ಷರವನ್ನು ಅಳಿಸಿದರು. ಬೀದಿಗೆ ಗೊತ್ತು, ಬಂಧುಬಳಗಕ್ಕೆ ಗೊತ್ತು, ಪೇಪರ್ ಹಾಕುವವನಿಗೂ ಗೊತ್ತು. ಲೋಕದಲ್ಲಿ ಅವರ ಹೆಂಡತಿ ಇನ್ನೂ ಬದುಕಿದ್ದ ಜಾಗ ಅದೊಂದೇ ಉಳಿದಿತ್ತು. ಅಲ್ಲಿಂದಲೂ ಆಕೆಯನ್ನು ಕಳಿಸಿಕೊಡಲು ಅವರಿಗೆ ಕೈ ಬರಲಿಲ್ಲ.

ಫೋನಿನಲ್ಲಿದ್ದ ಒಂದು ಹಳೆಯ ಗುಲಾಬಿಯನ್ನು ಹುಡುಕಿ ಹಾಕಿದರು. ಬರೀ ಫೋಟೋ ಹಾಕಿದರೆ ಅನುಮಾನ ಬಂದೀತೆಂದು ಹೆಂಡತಿಯೇ ಬರೆದಂತೆ ಎರಡು ಮೂರು ಸಾಲನ್ನೂ ಬರೆದರು: "ಈ ವಾರದ ಗುಲಾಬಿ. ನಮ್ಮ ಯಜಮಾನರೇ ಬೇಗ ಎದ್ದು ನೀರು ಹಾಕಿದರು. ಅವರಂಥ ತಾಳ್ಮೆಯ ಮನುಷ್ಯ ಎಲ್ಲೂ ಸಿಗುವುದಿಲ್ಲ." ಓದಿಕೊಂಡು ಅವರಿಗೇ ಖುಷಿಯಾಯಿತು. ಮದುವೆಯಾದಾಗಿನಿಂದ ಆಕೆ ಹೇಳದೆ ಉಳಿಸಿಕೊಂಡ ಮಾತು. ಈಗಲಾದರೂ ಹೇಳಲಿ, ತಪ್ಪೇನು? ಆಕೆ ಮೊದಲು ಏನೇನು ಬರೆಯುತ್ತಿದ್ದರು ಎಂದು ಮೇಲಕ್ಕೆ ಸರಿಸಿ ನೋಡುವ ಧೈರ್ಯ ಮಾತ್ರ ಅವರಿಗಾಗಲಿಲ್ಲ. ಆಕೆಯ ಒಂದು ಸಾಲು ಕಂಡರೂ ಸಾಕು, ಕಣ್ಣು ಮಂಜಾಗಿ ಫೋನನ್ನು ಮಗುಚಿ ಇಡುತ್ತಿದ್ದರು.

ಹೀಗೆ ಒಂದಷ್ಟು ವಾರ ನಡೆಯಿತು. ಒಂದು ಭಾನುವಾರ ಹೊಸದಾಗಿ ಸೇರಿದವರೊಬ್ಬರು, ಅಕ್ಕಾ ಇದರ ಮೇಲೆ ಹೋದ ವರ್ಷದ ತಾರೀಖಿದೆಯಲ್ಲ, ಹೊಸ ಹೂವು ತೋರಿಸಿ ಎಂದರು. ಟೈಲರ್ ಮಾಮ ಫೋನು ಹಿಡಿದು ಹಿತ್ತಲಿಗೆ ಹೋದರು. ಅಲ್ಲಿ ಹೂವಿನ ಮಾತು ಹಾಗಿರಲಿ, ಹಸಿರು ಎಲೆಯೂ ಇರಲಿಲ್ಲ. ಹಾಗೆಂದು ನೀರಿಗೆ ಕಡಿಮೆ ಮಾಡಿರಲಿಲ್ಲ. ಹೆಂಡತಿ ನೆನಪಾದಾಗಲೆಲ್ಲ ಹಾಕಿದ್ದರು. ಕಾಫಿ ಆರಿದಾಗ, ಸೂಜಿಗೆ ದಾರ ಪೋಣಿಸಲು ಬಾರದಾಗ, ಯಾರದೋ ಮನೆಯಲ್ಲಿ ಯಾರೋ ಗಂಡನನ್ನು ಕೂಗಿದಾಗ. ಕುಡಿದೂ ಕುಡಿದೂ ಗಿಡಗಳ ಬೇರೇ ಕೊಳೆತುಹೋಗಿತ್ತು.

ಸೋಲೊಪ್ಪುವ ಜೀವವೇ ಅದು? ಅಂಗಡಿಯ ಮೂಲೆಯಲ್ಲಿ ಯಾರದೋ ಕೋಟಿನ ಒಳಗೆ ಹಾಕಿ ಉಳಿದ ಲೈನಿಂಗ್ ಬಟ್ಟೆಯಿತ್ತು, ಒಳ್ಳೆ ಬದನೆಕಾಯಿ ಬಣ್ಣದ್ದು. ಮಾಮ ದಳ ದಳವಾಗಿ ಕತ್ತರಿಸಿದರು, ಸುತ್ತಿದರು, ಹೊಲಿದರು. ಅಂಚು ಮಡಚದೆ ಬಿಡುವುದು ಅವರ ಕೈಗೆ ಗೊತ್ತೇ ಇಲ್ಲ, ಹಾಗಾಗಿ ಹೂವಿನ ಪ್ರತಿ ದಳಕ್ಕೂ ಅಂಚು ಮಡಚಿ ಹೊಲಿಗೆ ಹಾಕಿದರು! ಸತ್ತ ಕಡ್ಡಿಗೆ ಹೂವನ್ನು ಕಟ್ಟಿ, ಸ್ವಲ್ಪ ದೂರ ನಿಂತು ಕ್ಲಿಕ್ಕಿಸಿದರು.

ಗುಂಪು ಹುಚ್ಚೆದ್ದು ಕುಣಿಯಿತು. ಇದ್ಯಾವ ತಳಿ? ಎಲ್ಲಿಂದ ತಂದಿರಿ? ದಳದ ಅಂಚಿಗೆ ಬಿಳಿ ಗೆರೆ ಬೇರೆ ಇದೆಯಲ್ಲ, ಇಂಥದ್ದನ್ನು ಜನ್ಮದಲ್ಲಿ ನೋಡಿಲ್ಲ! ಆ ಬಿಳಿ ಗೆರೆ ಮಾಮ ಒರೆಸಲು ಮರೆತ ಸೀಮೆಸುಣ್ಣದ ಗುರುತು. ಹೊಸದಾಗಿ ಸೇರಿದವರಂತೂ ನೆಡೋಕೆ ಕಡ್ಡಿ ಕೊಡಿ, ಕಡ್ಡಿ ಕೊಡಿ ಎಂದು ದುಂಬಾಲು ಬಿದ್ದರು. ಮೊದಲು ಯಾರಿಗೆ ಎಂಬುದಕ್ಕೆ ಇಬ್ಬರು ಮಾತು ಬಿಟ್ಟರು. ಮಾಮ ಹೆಂಡತಿಯ ಹೆಸರಿನಲ್ಲಿ, ಮಳೆಗಾಲ ಕಳೆಯಲಿ ಎಂದರು, ಆಮೇಲೆ ಗಿಡಕ್ಕೆ ನೆಗಡಿ ಎಂದರು. ಗಿಡಕ್ಕೆ ನೆಗಡಿಯಾಗುವುದಿಲ್ಲ ಎಂದು ಅವರಿಗೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೈಯಲ್ಲೊಂದು ಗೊಬ್ಬರದ ಚೀಲ ಹಿಡಿದ ದಪ್ಪ ಕನ್ನಡಕದ ಹೆಂಗಸು. ತಾವು ಗೊಬ್ಬರ ಟೀಚರ್ ಎಂದು ಹೇಳಿಕೊಂಡರು. ಹಿಂದೊಮ್ಮೆ ಅಕ್ಕ ಅಂಚೆಯಲ್ಲಿ ಬೀಜ ಕಳಿಸಿದ್ದ ಕವರಿನ ಮೇಲೆ ವಿಳಾಸವಿತ್ತಂತೆ.

ಟೈಲರ್ ಮಾಮ ಬಾಗಿಲನ್ನು ಅರ್ಧ ಮುಂದಕ್ಕೆಳೆದುಕೊಂಡರು. ಆಕೆ ಅಂಗಡಿಗೆ ಹೋಗಿದ್ದಾಳೆ, ಬರುವುದು ತಡವಾಗುತ್ತದೆ, ಬಂದರೂ ತಲೆನೋವು ಎಂದು ಮಲಗಿಬಿಡಬಹುದು ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಟೀಚರ್ ಯಾವುದಕ್ಕೂ ಇಲ್ಲವೆನ್ನದೆ ಸೀದಾ ಹಿತ್ತಲಿಗೆ ನಡೆದರು. ಮಾಮ ಅವರಿಗಿಂತ ಮೊದಲು ಓಡಿ ಕುಂಡಕ್ಕೆ ಅಡ್ಡ ನಿಂತರು.

ಆದರೆ ಆ ಬೆಳಿಗ್ಗೆ ಅವರಿಗೆ ಹೆಂಡತಿ ಬಹಳ ನೆನಪಾಗಿದ್ದರು. ಬಟ್ಟೆಯ ಗುಲಾಬಿಗೂ ತಲೆಯ ಮೇಲಿಂದ ನೀರು ಸುರಿದಿದ್ದರು. ಈಗ ಅವರ ಕಾಲ ಬುಡದಿಂದ ಬದನೆಕಾಯಿ ಬಣ್ಣದ ನೀರು ಸಣ್ಣಗೆ ಹರಿದು ಟೀಚರ ಚಪ್ಪಲಿಯ ಹತ್ತಿರ ಬಂದು ನಿಂತಿತು.

"ಯಜಮಾನ್ರೇ," ಎಂದರು ಟೀಚರ್, "ನಿಮ್ಮ ಗುಲಾಬಿ ಬಣ್ಣ ಬಿಡ್ತಾ ಇದೆ."

ಟೈಲರ್ ಮಾಮ ಏನು ಬೇಕಾದರೂ ಸಹಿಸಿಯಾರು, ತಮ್ಮ ಬಟ್ಟೆಯ ಮೇಲಿನ ಆಪಾದನೆಯನ್ನು ಸಹಿಸಲಾರರು. "ಸಾಧ್ಯಾನೇ ಇಲ್ಲ," ಎಂದುಬಿಟ್ಟರು. "ಗ್ಯಾರಂಟಿ ಲೈನಿಂಗು ಅಂತ ಅಂಗಡಿಯವನೇ ಹೇಳಿ ಕೊಟ್ಟಿದ್ದು."

ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡರು. ಟೀಚರ್ ನಗಲಿಲ್ಲ. ಕುಂಡದ ಪಕ್ಕದ ಕಲ್ಲಿನ ಮೇಲೆ ಕೂತು, ಚೀಲವನ್ನು ಕೆಳಗಿಟ್ಟು, ಅಕ್ಕ ಯಾವಾಗ ಹೋದರು ಎಂದು ಕೇಳಿದರು. ಮಾಮ ನೆಲ ನೋಡುತ್ತಲೇ ಹೇಳಿದರು. ತಮ್ಮಿಂದ ಎಲ್ಲರಿಗೂ ಮೋಸವಾಯಿತು ಎಂದೂ ಹೇಳಿದರು.

"ಹೊಸಬರಿಗೆ ಆಗಿರ್ಬಹುದು. ಹಳಬರಿಗೆಲ್ಲ ಮೊದಲನೇ ಭಾನುವಾರವೇ ಗೊತ್ತಾಗಿತ್ತು. ಬಾಯಿ ಬಿಟ್ಟು ಹೇಳೋಕೆ ಯಾರಿಗೂ ಮನಸ್ಸಾಗ್ಲಿಲ್ಲ."

"ಹೇಗೆ?"

"ಯಜಮಾನರಂಥ ತಾಳ್ಮೆಯ ಮನುಷ್ಯ ಎಲ್ಲೂ ಸಿಗೋದಿಲ್ಲ ಅಂತ ಬರೆದಿದ್ರಲ್ಲ. ಅದನ್ನ ಓದಿ ನಾನು ಗೊಬ್ಬರದ ಗುಂಡಿ ಹತ್ರಾನೇ ಕೂತು ಅತ್ತೆ. ಅಕ್ಕ ಬದುಕಿದ್ರೆ ಅಂಥ ಮಾತು ಬರೀತಿದ್ರಾ?"

ಹಾಗಾದರೆ ಏನು ಬರೆಯುತ್ತಿದ್ದಳು ಎಂದು ಮಾಮ ಕೇಳಿದರು. ಟೀಚರಿಗೆ ಎಲ್ಲವೂ ಬಾಯಿಪಾಠ. ಗುಲಾಬಿ ಅರಳಿದೆ, ಈ ಮನುಷ್ಯ ಇವತ್ತೂ ಹಾಸಿಗೆಯಲ್ಲಿ ಸೂಜಿ ಬಿಟ್ಟಿದ್ದಾರೆ. ಮೊಗ್ಗು ಬಂದಿದೆ, ಈ ಮನುಷ್ಯ ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ತಡಕಿದ್ದಾರೆ. ಗೊಬ್ಬರ ಹಾಕಿದೆ, ಈ ಮನುಷ್ಯನಿಗೆ ಎಷ್ಟು ಹಾಕಿದರೂ ಬುದ್ಧಿ ಬೆಳೆಯುವುದಿಲ್ಲ.

"ನಾವು ಹೂವು ನೋಡೋಕಲ್ಲ, ನಿಮ್ಮ ಸುದ್ದಿ ಓದೋಕೆ ಕಾಯ್ತಿದ್ವಿ," ಎಂದರು ಟೀಚರ್.

"ಪ್ರತಿ ವಾರಾನೂ ಬರೀತಿದ್ಲಾ?"

"ಒಂದು ವಾರಾನೂ ತಪ್ಪಿಸ್ಲಿಲ್ಲ."

ಮಾಮ ನೀರಿನ ತಂಬಿಗೆಯನ್ನು ಎತ್ತಿಕೊಂಡರು. ಕೈಗೆ ಅದೇ ರೂಢಿಯಾಗಿತ್ತು. ಕುಂಡದ ಮೇಲೆ ಬಗ್ಗಿಸಬೇಕು, ಅಷ್ಟರಲ್ಲಿ ಟೀಚರ್ ಮಣ್ಣಿಗೆ ಬೆರಳು ತೂರಿಸಿ, ಕೆಸರು ಮೆತ್ತಿದ ಬೆರಳನ್ನು ಅವರ ಮುಖದೆದುರು ಹಿಡಿದರು. ದನಿ ತರಗತಿಯಲ್ಲಿ ಕೇಳುವ ದನಿಯಾಗಿತ್ತು.

"ಏನ್ರೀ ಇದು, ಕುಂಡಾನಾ ಕೆರೇನಾ? ಬೇರು ಕೊಳೆತು ನಾರ್ತಾ ಇದೆ, ಇನ್ನೂ ನೀರು ಸುರೀತೀರಲ್ಲ! ಸ್ವಲ್ಪಾನಾದ್ರೂ ಬುದ್ಧಿ ಬೇಡ್ವಾ ನಿಮಗೆ? ಕೊಡಿ ಇಲ್ಲಿ ಅದನ್ನ."

ತಂಬಿಗೆ ಮಾಮನ ಕೈಯಿಂದ ಜಾರಿತು. ಆಸ್ಪತ್ರೆಯಲ್ಲಿ ಅಳದವರು, ಮಣ್ಣು ಮಾಡಿ ಬಂದಾಗಲೂ ಅಳದವರು, ವಕೀಲರು ಪ್ಯಾಂಟು ಮಡಚಿಕೊಂಡು ಹೋದಾಗಲೂ ತಡೆದುಕೊಂಡಿದ್ದವರು, ಬದನೆಕಾಯಿ ಬಣ್ಣದ ನೀರಿನಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಟೀಚರ್ ಗಾಬರಿಯಾಗಿ, ಅಯ್ಯೋ ತಪ್ಪಾಯಿತು, ಬಾಯಿ ತಪ್ಪಿ ಗದರಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಸಮಾಧಾನ ಮಾಡತೊಡಗಿದರು.

ಟೈಲರ್ ಮಾಮ ಅಲ್ಲ ಅಲ್ಲವೆಂದು ತಲೆಯಾಡಿಸಿದರು. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡು ಕೇಳಿದರು:

"ಇನ್ನೂ ಸ್ವಲ್ಪ ಬೈತೀರಾ?"