ದೇವರ ಕೋಣೆಯಲ್ಲಿ ನಾಲ್ಕು ಟಯರು

ಹೆಂಗಸರು ಒಳ್ಳೆಯ ಸೀರೆಯನ್ನು ಉಡದೆ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ, ಹೊಸ ಪಾತ್ರೆಯನ್ನು ಬಳಸದೆ ಅಟ್ಟ ಹತ್ತಿಸುತ್ತಾರೆ ಎಂದು ಗಂಡಸರು ಆಡಿಕೊಂಡು ನಗುವುದನ್ನು ನಾನು ಮದುವೆಯಾದ ದಿನದಿಂದಲೂ ಕೇಳುತ್ತಿದ್ದೇನೆ. ನಗಲಿ ಬಿಡಿ. ಸೀರೆ ಮಡಿಸಿಟ್ಟರೆ ತನ್ನಷ್ಟಕ್ಕೆ ಒಂದು ಮೂಲೆಯಲ್ಲಿ ಬಿದ್ದಿರುತ್ತದೆ. ಪಾತ್ರೆಯೊಳಗೆ ಪಾತ್ರೆ ಇಟ್ಟರೆ ಜಾಗವೂ ಉಳಿಯುತ್ತದೆ. ಆದರೆ ನಮ್ಮ ಮನೆಯವರು ಮುಚ್ಚಿಟ್ಟದ್ದು ಟಯರು. ಅದೂ ಸೈಕಲ್ಲಿನದಲ್ಲ, ಗಾಡಿಯದಲ್ಲ, ಗಾಳಿಗಿಂತ ಜೋರಾಗಿ ಓಡಲೆಂದು ಯಾವುದೋ ದೇಶದಲ್ಲಿ ಮಾಡಿದ ಕಾರಿನ ಟಯರು. ಒಂದಲ್ಲ, ನಾಲ್ಕು. ಇಂಥದ್ದನ್ನು ಮುಚ್ಚಿಡುವ ಗಂಡಸಿನ ಜೊತೆ ಸಂಸಾರ ಮಾಡಿದವರು ನನ್ನ ಹೊರತು ಇನ್ನೊಬ್ಬರಿದ್ದರೆ ಹೇಳಿ, ಒಂದು ದಿನ ಇಬ್ಬರೂ ಕೂತು ಮನಸಾರೆ ಅತ್ತು ಹಗುರಾಗುತ್ತೇವೆ.

ನಮ್ಮದು ತಿರುಪ್ಪೂರಿನಲ್ಲಿ ಬನಿಯನ್ ಕಂಪನಿ. ಕಂಪನಿ ಎಂದ ಕೂಡಲೇ ದೊಡ್ಡದಾಗಿ ಊಹಿಸಬೇಡಿ, ತಗಡಿನ ಶೆಡ್ಡು, ಅದರಲ್ಲಿ ಬಟ್ಟೆ ಹೆಣೆಯುವ ಕೆಲವು ಯಂತ್ರ, ಹೊಲಿಯುವವರು, ಮೂಟೆ ಕಟ್ಟುವವರು, ಅಷ್ಟೇ. ನಾವು ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನೇಯ್ಗೆಯವರು, ನಮ್ಮ ಮಾವನವರ ಕಾಲದವರೆಗೂ ಮನೆಯಲ್ಲಿ ಮಗ್ಗವಿತ್ತು. ನಮ್ಮವರು ಮಗ್ಗ ಬಿಟ್ಟು ಬನಿಯನ್ನಿಗೆ ಇಳಿದರು. ಎಂಬತ್ತರ ದಶಕದಲ್ಲಿ ಊರಿನ ಬನಿಯನ್‌ಗಳೆಲ್ಲ ಹಡಗು ಹತ್ತಿ ಹೊರದೇಶಕ್ಕೆ ಹೋಗಲು ಶುರುವಾದಾಗ ಇವರ ಬನಿಯನ್ನೂ ಹೋಯಿತು. ಕೈಯಲ್ಲಿ ನಾಲ್ಕು ಕಾಸು ಆಡಿತು. ಆಗ ಬೇರೆಯವರು ಮನೆ ಕಟ್ಟಿದರು, ಹೊಲ ಕೊಂಡರು. ಇವರು ಕೊಯಮತ್ತೂರಿಗೆ ನೂಲು ತರಲು ಹೋದವರು, ಅಲ್ಲಿ ಒಂದು ಮಿಲ್ಲಿನ ಯಜಮಾನರ ಮಗ ಸಾಕಾಯಿತೆಂದು ಮಾರುತ್ತಿದ್ದ ಕೆಂಪು ರೇಸು ಕಾರಿನಲ್ಲಿ ಕೂತು ಮನೆಗೆ ಬಂದರು. ನೂಲು ತಂದಿರಲಿಲ್ಲ.

ಆ ಕಾರಿನಲ್ಲಿ ಇದ್ದದ್ದೇ ಎರಡು ಸೀಟು. ಮೇಲಿನ ಹುಡ್ಡನ್ನು ಬೇಕೆಂದಾಗ ಹಿಂದಕ್ಕೆ ಮಡಿಸಬಹುದಿತ್ತು. ನೆಲಕ್ಕೂ ನಮಗೂ ಗೇಣಿನ ಅಂತರ, ಬೀದಿನಾಯಿಗಳು ಕಣ್ಣಿಗೆ ಕಣ್ಣು ಸೇರಿಸಿ ನೋಡುತ್ತಿದ್ದವು. ಸೀರೆ ಉಟ್ಟವಳು ಅದರೊಳಗೆ ಸೇರಬೇಕಾದರೆ ಮೊದಲು ಕೂತು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಳ್ಳಬೇಕು. ಇಷ್ಟೆಲ್ಲ ಮಾಡಿ ಹೊರಟರೆ ವೇಗವುಂಟೇ? ನಮ್ಮೂರ ಬೀದಿಗಳಲ್ಲಿ ಬನಿಯನ್ ಮೂಟೆ ಹೊತ್ತ ಸೈಕಲ್ಲು, ಮೊಪೆಡ್ಡು, ಬಸ್ಸು, ಎತ್ತಿನ ಗಾಡಿ ದಾಟಿ ಎರಡನೇ ಗೇರು ಹಾಕುವಷ್ಟರಲ್ಲಿ ಕಂಪನಿ ಬಂದುಬಿಡುತ್ತಿತ್ತು. ಹುಲಿಯನ್ನು ಹಿಡಿದು ತಂದು ರಾಗಿ ಬೀಸಲು ಕಟ್ಟಿದ ಹಾಗೆ ಅಂತ ನಾನು ಒಮ್ಮೆ ಹೇಳಿದ್ದಕ್ಕೆ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು.

ಓಡದ ಕಾರಿನ ಟಯರು ಸವೆಯುವುದುಂಟೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಆಗ ಇವರು ಸ್ಟೂಲ್ ಮೇಲೆ ಕೂತು ಪಾಠ ಮಾಡಿದರು. ಜೋರಾಗಿ ಓಡುವ ಕಾರಿನ ಟಯರು ಮೆತ್ತಗಿರಬೇಕಂತೆ. ಮೆತ್ತಗಿದ್ದರೆ ಮಾತ್ರ ರಸ್ತೆಯನ್ನು ಕಚ್ಚಿ ಹಿಡಿಯುತ್ತದಂತೆ. ಕಚ್ಚಿ ಹಿಡಿದಾಗೆಲ್ಲ ತನ್ನ ಮೈಯನ್ನು ಚೂರು ಚೂರು ರಸ್ತೆಗೆ ಬಿಟ್ಟುಕೊಡುತ್ತದಂತೆ. ಅಂದರೆ ನಮ್ಮ ಸಂಪಾದನೆಯನ್ನು ಇವರು ದಿನವೂ ಊರಿನ ಅವಿನಾಶಿ ರಸ್ತೆಗೆ ಸವರಿ ಬರುತ್ತಿದ್ದರು ಅಂತಾಯಿತು. ಸಾಲದ್ದಕ್ಕೆ ಆ ಕಾರಿನ ಹಿಂದಿನ ಚಕ್ರಗಳು ಕೊಂಚ ಒಳಕ್ಕೆ ವಾಲಿಕೊಂಡು ನಿಲ್ಲುವ ಜಾತಿಯವು. ಹೊರಗಿನಿಂದ ನೋಡಿದರೆ ಹೊಸದರ ಹಾಗೆ, ಒಳಗಡೆ ಬೋಳು.

ಆ ಬೋಳನ್ನು ಮೊದಲು ಕಂಡವಳು ನಾನೇ. ಬೆಳಿಗ್ಗೆ ಬಾಗಿಲಿಗೆ ಕೋಲ, ಅಂದರೆ ರಂಗೋಲಿ, ಹಾಕಲು ಬಗ್ಗಿದ್ದೆ. ಪಕ್ಕದಲ್ಲಿ ಕಾರು. ಹಿಂದಿನ ಚಕ್ರದ ಒಳಮಗ್ಗುಲಲ್ಲಿ ಏನೋ ಬೆಳ್ಳಗೆ ಕಂಡಿತು. ನೇಯ್ಗೆಯವರ ಮನೆಯಲ್ಲಿ ಹುಟ್ಟಿದವಳಿಗೆ ನೂಲು ತಿಳಿಯದೇ? ಗಾಬರಿಯಾಗಿ ಕೂಗಿದೆ. ಇವರು ಪಂಚೆ ಎತ್ತಿ ಕಟ್ಟಿ ನೆಲದ ಮೇಲೆ ಮಲಗಿ ಕೈ ತೂರಿಸಿದರು. ಎಷ್ಟು ಹೊತ್ತಾದರೂ ಎದ್ದೇಳಲಿಲ್ಲ. ಕೊನೆಗೆ ಒಂದು ಎಳೆಯನ್ನು ಬೆರಳ ನಡುವೆ ಉಜ್ಜುತ್ತಾ, "ಸರಸು, ಇಲ್ಲಿ ಪಾರು, ನೋಡಿಲ್ಲಿ, ಇದರೊಳಗೂ ನೂಲೇ ಇರೋದು. ರೊಂಬ ಒಳ್ಳೇ ನೂಲು. ನಮ್ಮ ಮಿಲ್ಲಿನವರು ಇಂಥದ್ದು ಒಂದು ಎಳೆ ತೆಗೆದ್ರೆ ನಾನು ಕಾಲಿಗೆ ಬೀಳ್ತೀನಿ" ಅಂದರು. ಪ್ರಾಣಕ್ಕೆ ಕುತ್ತು ಬಂದಿದೆ ಅನ್ನುವಾಗ ನೂಲಿನ ಗುಣ ಹೇಳುವ ಮನುಷ್ಯನಿಗೆ ಏನು ಹೇಳೋಣ, ನಾನು ಕೋಲದ ಪುಡಿಯ ಕೈ ತೊಳೆದುಕೊಂಡು ಒಳಗೆ ಹೋದೆ.

ಅಲ್ಲಿಂದ ಉಳಿತಾಯದ ಪ್ರಯೋಗಗಳು ಶುರುವಾದವು. ಮುಂದಿನದನ್ನು ಹಿಂದಕ್ಕೆ ಹಾಕೋಣ ಎಂದರೆ ಹಿಂದಿನವು ಅಗಲ, ಮುಂದಿನವು ಸಣ್ಣವು. ಸವೆದ ಶರಟಿನ ಕಾಲರನ್ನು ಬಿಚ್ಚಿ ಮಗುಚಿ ಹೊಲಿಯುತ್ತೇವಲ್ಲ, ಹಾಗೆ ಟಯರನ್ನೇ ರಿಮ್ಮಿನ ಮೇಲೆ ಮಗುಚಿಸಿದರು. ಒಳಗಿದ್ದ ಬೋಳು ಹೊರಗೆ ಬಂದು ಊರಿಗೆಲ್ಲ ಕಾಣಿಸತೊಡಗಿತು. ಮಾನ ಹೋಗುತ್ತದೆ ಎಂದು ಮತ್ತೆ ಮೊದಲಿನ ಹಾಗೇ ಮಗುಚಿಸಿದರು. ಆಮೇಲೆ ಕೊಯಮತ್ತೂರಿನ ಉಕ್ಕಡದಲ್ಲಿ ಹಳೆಯ ಟಯರು ಮಾರುವವನ ಹತ್ತಿರ ನನ್ನನ್ನೂ ಕರೆದುಕೊಂಡು ಹೋದರು. ಅವನು ಕಾರಿಗೆ ಒಂದು ಸುತ್ತು ಬಂದು, ಅಳೆದು, "ಇಂದ ಸೈಜು ಇಂಡಿಯಾವುಲೇಯೇ ಇಲ್ಲೈಂಗ" ಎಂದು ಕೈ ಆಡಿಸಿದ, ಈ ಅಳತೆಯದು ಇಡೀ ದೇಶದಲ್ಲೇ ಇಲ್ಲವಂತೆ. ನಮ್ಮವರ ಮುಖ ಸಪ್ಪಗಾದದ್ದು ನೋಡಿ ಪಾಪ ಅನ್ನಿಸಿತೋ ಏನೋ, ಈ ಹಳೆಯದನ್ನೇ ಕೊಟ್ಟರೆ ಮನೆಮಂದಿಗೆಲ್ಲ ಆಗುವಷ್ಟು ಚಪ್ಪಲಿ ಹೊಲಿಸಿಕೊಡುತ್ತೇನೆ, ರಬ್ಬರು ಮೆತ್ತಗಿದೆ, ಕಾಲಿಗೆ ಹಿತವಾಗಿರುತ್ತದೆ ಎಂದು ಸಮಾಧಾನ ಹೇಳಿದ.

ಕಷ್ಟ ಕಳೆದದ್ದು ಒಬ್ಬ ಪರದೇಶಿಯಿಂದ. ನಮ್ಮ ಬನಿಯನ್ ಕೊಳ್ಳುವ ಬಿಳಿಯ ದೊರೆಯೊಬ್ಬ ಆಗಾಗ ಊರಿಗೆ ಬರುತ್ತಿದ್ದ. ಅವನನ್ನು ಕೊಯಮತ್ತೂರಿನ ವಿಮಾನಕ್ಕೆ ಬಿಡಲು ಇವರು ಅದೇ ಕಾರು ತೆಗೆದರು. ಹತ್ತುವ ಮೊದಲು ದೊರೆ ಬಗ್ಗಿ ಚಕ್ರ ನೋಡಿದ. ನೋಡಿದವನು ಇನ್ನಷ್ಟು ಬಿಳಿಯಾದ. ದಾರಿಯಲ್ಲಿ ಅವನು ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದರಲ್ಲಿ ಇವರ ತೊಡೆಯನ್ನೂ ಹಿಡಿದೇ ಇದ್ದನಂತೆ. ಊರಿಗೆ ಹೋದವನೇ, ಮುಂದಿನ ಸಲ ಬರುವಾಗ ಜೀವ ಉಳಿಯಬೇಕಲ್ಲ, ರಿಮ್ಮಿನ ಸಮೇತ ನಾಲ್ಕು ಹೊಸ ಚಕ್ರಗಳನ್ನು ಬಟ್ಟೆಯ ಸ್ಯಾಂಪಲ್ ಪೆಟ್ಟಿಗೆಗಳ ಜೊತೆ ಕಳಿಸಿಕೊಟ್ಟ.

ಬಂದಿತಲ್ಲ, ಹಾಕಬೇಕು ತಾನೆ? ಹೊಸ ಟಯರಿನ ಮೈಮೇಲೆ ಸಣ್ಣ ಸಣ್ಣ ರಬ್ಬರು ಕೂದಲಿರುತ್ತದೆ, ಗಮನಿಸಿದ್ದೀರೋ ಇಲ್ಲವೋ. ಇವರು ಅದನ್ನು ಸವರಿ ಸವರಿ, "ಇನ್ನೂ ಹುಟ್ಟುಕೂದಲು ಹೋಗಿಲ್ಲ, ಇದನ್ನ ಹೋಗಿ ರೋಡಿಗೆ ಇಳಿಸಕ್ಕಾಗುಮಾ?" ಅಂದರು. ಆಡಿ ತಿಂಗಳು, ಅಂದರೆ ಆಷಾಢ, ಹೊಸದೇನೂ ಮಾಡಬಾರದು ಅಂದರು. ಆಡಿ ಕಳೆಯಿತು. ಆಯುಧಪೂಜೆಗೆ ಹಾಕೋಣ ಅಂದರು. ಆಯುಧಪೂಜೆಗೆ ಪೂಜೆ ಮಾಡಿದರು, ಹಾಕಲಿಲ್ಲ. ಗೋಡೌನಿನಲ್ಲಿ ಇಲಿ, ಜಗಲಿಯಲ್ಲಿ ಬಿಸಿಲು, ಹೀಗಾಗಿ ಟಯರುಗಳು ಮನೆಯಲ್ಲೇ ತಂಪಾದ ಜಾಗಕ್ಕೆ, ಅಂದರೆ ನನ್ನ ದೇವರ ಕೋಣೆಗೆ ಬಂದು ಕೂತವು. ಚೌಡಮ್ಮನ ಪಟದ ಎರಡೂ ಕಡೆ ಎರಡೆರಡು. ಪೂಜೆ ಮಾಡಿದ ಮೇಲೆ ಬಿಡಬಾರದೆಂದು ದಿನವೂ ಅವಕ್ಕೂ ವಿಭೂತಿ, ಗಂಧ, ಒಂದೊಂದು ಹೂವು. ನಾನು ದೀಪ ಹಚ್ಚಬೇಕಾದರೆ ಪಕ್ಕಕ್ಕೆ ತಿರುಗಿ ಉಸಿರು ಹಿಡಿದು ನುಗ್ಗಬೇಕು. ಕಣ್ಣು ಮುಚ್ಚಿದರೆ ಕರ್ಪೂರದ ಬದಲು ರಬ್ಬರಿನ ವಾಸನೆ. ಮೆಟ್ಟುಪಾಳ್ಯದಿಂದ ನಮ್ಮವ್ವ ಬಂದಾಗ ಮಬ್ಬು ಬೆಳಕಿನಲ್ಲಿ ಎಲ್ಲದಕ್ಕೂ ಕೈಮುಗಿದು, "ಇದು ಯಾವ ಸಾಮಿ ಸರಸು?" ಎಂದು ಕೇಳಿತು. "ನಿನ್ನ ಅಳಿಯಂದು ಮನೆದೇವ್ರು" ಅಂದೆ. ಅವ್ವ ಇನ್ನೊಂದು ಸಲ ಕೈಮುಗಿಯಿತು.

ಅವ್ವ ಬಂದದ್ದು ತಮ್ಮನ ಮದುವೆಯ ಮಾತಿಗೆ. ತಮ್ಮ ರಾಮಲಿಂಗು ನನಗಿಂತ ತುಂಬ ಚಿಕ್ಕವನು. ಅಪ್ಪ ಹೋದ ಮೇಲೆ ಅವ್ವ ಮಗ್ಗದ ಗುಂಡಿಗೆ ಇಳಿದರೆ ಅವನು ನನ್ನ ಸೊಂಟದ ಮೇಲೆ. ಅವನನ್ನು ಹೊತ್ತೂ ಹೊತ್ತೂ ನಾನು ಇವತ್ತಿಗೂ ಒಂದು ಕಡೆಗೆ ವಾಲಿಯೇ ನಡೆಯುವುದು. ಅವನಿಗೆ ಹೆಣ್ಣು ಗೊತ್ತಾದದ್ದು ತಿರುಪ್ಪೂರಿನಲ್ಲೇ, ಕಲ್ಯಾಣಮಂಟಪ ನಮ್ಮ ಮನೆಗೆ ನಾಲ್ಕು ಬೀದಿ ಆಚೆ. ಮದುವೆಯ ಹಿಂದಿನ ಸಂಜೆ ಗಂಡನ್ನು ಪಿಳ್ಳೆಯಾರ್ ಗಣಪತಿಯ ಗುಡಿಯಿಂದ ಮಂಟಪಕ್ಕೆ ಮೆರವಣಿಗೆಯಲ್ಲಿ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ನಮ್ಮ ಹುಡುಗ ಕೆಂಪು ಕಾರಿನಲ್ಲಿ ಬರುತ್ತಾನೆ ಎಂದು ಅವ್ವ ಬೀಗರಿಗೆ ಮಾತು ಕೊಟ್ಟುಬಿಟ್ಟಿತ್ತು. ಮಡಿಸಿದ ಹುಡ್ಡಿನ ಮೇಲೆ ದಿಂಬು ಹಾಕಿ ರಾಮಲಿಂಗು, ಸ್ಟೀರಿಂಗಿಗೆ ಇವರು, ಉಳಿದ ಒಂದು ಸೀಟಿನಲ್ಲಿ ಅಕ್ಕ. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ಆ ಸೀಟಿನ ಮೇಲೆ ನನಗೆ ಬಲು ಆಸೆಯಿತ್ತು. ಎತ್ತಿ ಆಡಿಸಿದ ಹುಡುಗನ ಪಕ್ಕ ಜರಿ ಸೀರೆ ಉಟ್ಟು, ಹೂ ಮುಡಿದು, ನಾಲ್ಕು ಬೀದಿಯ ಜನ ನೋಡುವ ಹಾಗೆ ಒಂದೇ ಒಂದು ಸಲ ಕೂರಬೇಕು ಅಂತ.

"ಏನುಂಗ, ಮೆರವಣಿಗೆಗಾದ್ರೂ ಹೊಸ ಟಯರು ಹಾಕ್ತೀರಾ ಇಲ್ವಾ?" ಎಂದು ಕೇಳಿದೆ.

"ಮೆರವಣಿಗೆ ಅಂದ್ರೆ ಏನಂತ ತಿಳ್ಕೊಂಡೆ? ತೇಂಗಾಯಿ ಒಡೀತಾರೆ, ಪಟಾಕಿ ಹೊಡೀತಾರೆ, ಪಂದಲ್ ಚಪ್ಪರದ ಮೊಳೆ ರೋಡೆಲ್ಲಾ ಬಿದ್ದಿರ್ತವೆ. ನಡಕೊಂಡು ಹೋಗೋ ವೇಗಕ್ಕೆ ಹಳೇದೇ ಜಾಸ್ತಿ."

"ನಡುದಾರೀಲಿ ಒಡೆದು ಹೋದ್ರೆ? ನಮ್ಮವ್ವ ಬೀಗರ ಮುಂದೆ ಮುಖ ಎತ್ತಬೇಕೋ ಬೇಡ್ವೋ?"

"ಒಡೆಯಲ್ಲ. ಒಳಗಿರೋ ನೂಲು ಎಂಥಾದ್ದು ಅಂತ ನಾನೇ ಕೈಯಾರೆ ನೋಡಿದ್ದೀನಲ್ಲ" ಅಂದರು. ಮೈಯೆಲ್ಲ ಉರಿದುಹೋಯಿತು. ಮದುವೆ ಮನೆ, ಜರಿ ಸೀರೆಗೆ ಇಸ್ತ್ರಿ ಹಾಕಲು ಎದ್ದು ಹೋದೆ.

ಮೆರವಣಿಗೆ ಚೆನ್ನಾಗಿಯೇ ಹೊರಟಿತು. ಮುಂದೆ ನಾದಸ್ವರ, ತವಿಲು, ಎರಡು ಕಡೆ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತವರು, ನಡುವೆ ಕೆಂಪು ಕಾರು. ನಾನು ಸೀಟಿನಲ್ಲಿ ಕೂತಿದ್ದೆ. ಎರಡು ಬೀದಿ ದಾಟಿದೆವು. ಹೆಣ್ಣಿನ ಸೋದರಮಾವ ದೊಡ್ಡ ದೊಡ್ಡ ಪಟಾಕಿ ತಂದಿದ್ದ, ಒಂದೊಂದು ಸದ್ದಿಗೂ ಮೀಸೆ ತಿರುವುತ್ತಿದ್ದ. ಆಗ ನನ್ನ ಬೆನ್ನ ಹಿಂದೆಯೇ ಭಾರೀ ಸದ್ದಾಯಿತು. ಜನ ಚಪ್ಪಾಳೆ ತಟ್ಟಿದರು. ಸೋದರಮಾವನಿಗೂ ಇದು ಯಾವ ಪಟಾಕಿ ಅಂತ ಗೊತ್ತಾಗಲಿಲ್ಲ, ಆದರೂ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ. ಒಡೆದದ್ದು ಪಟಾಕಿಯಲ್ಲ ಎಂದು ತಿಳಿದದ್ದು ಅವ್ವನಿಗೆ ಮಾತ್ರ. "ಅಯ್ಯಯ್ಯೋ, ನಮ್ಮ ಹುಡುಗ ಯಾಕ್ ಹಿಂಗೆ ಒಂದ್ ಕಡೆ ವಾಲ್ಕೊಂಡವ್ನೆ?" ಅಂದಿತು. ನಿಜ, ರಾಮಲಿಂಗು ದಿಂಬಿನ ಸಮೇತ ಎಡಕ್ಕೆ ಜಾರುತ್ತಿದ್ದ. ಹಾರವೊಂದು ನೆಟ್ಟಗಿತ್ತು.

ಇಳಿಸಿ ಚಕ್ರ ಬದಲಿಸಬಹುದಿತ್ತು. ಆದರೆ ಮೆರವಣಿಗೆ ಹೊರಟ ಗಂಡು ಮಂಟಪ ಸೇರುವವರೆಗೆ ನೆಲಕ್ಕೆ ಕಾಲಿಡಬಾರದು, ಇಟ್ಟರೆ ಅಪಶಕುನ ಎಂದು ಎರಡು ಕಡೆಯ ಹಿರಿಯರೂ ಒಟ್ಟಿಗೆ ಕೂಗಿದರು. ಆ ಮದುವೆಯಲ್ಲಿ ಎರಡು ಕಡೆಯವರೂ ಒಪ್ಪಿದ್ದು ಅದೊಂದು ಮಾತಿಗೇ. ಯಾರೋ ಪಕ್ಕದ ಚಪ್ಪರದಿಂದ ಬಿದಿರಿನ ಗಳ ಕಿತ್ತು ತಂದರು. ಅದನ್ನು ಕಾರಿನ ಕೆಳಗೆ ತೂರಿಸಿ, ನಮ್ಮ ನೆಂಟರು ಎಡಮೂಲೆಯನ್ನು ಹೆಗಲಿಗೆ ಎತ್ತಿಕೊಂಡರು. ಮೂರು ಚಕ್ರ ಉರುಳುತ್ತಾ ಒಂದು ಮೂಲೆ ನಡೆಯುತ್ತಾ ಕಾರು ಹೊರಟಿತು. ನಾದಸ್ವರದವರು ಹೊರುವವರ ಹೆಜ್ಜೆ ನೋಡಿ ತಾಳ ನಿಧಾನ ಮಾಡಿದರು. ಪಲ್ಲಕ್ಕಿ ಉತ್ಸವ ಎಂದು ತಿಳಿದು ದಾರಿಹೋಕರು ಕಾಸು ಹಾಕಿದರು. ಹೀಗೆ ನಾಲ್ಕು ಮನೆ ದಾಟುವಷ್ಟರಲ್ಲಿ ಹೊತ್ತವರ ಕಣ್ಣು ಮೇಲಾಯಿತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿತ್ತು. ನಾನು ಇವರ ಮುಖ ನೋಡಿದೆ. ಇವರು ಸ್ಟೀರಿಂಗು ನೋಡಿದರು.

ಇನ್ನು ಈ ಮನುಷ್ಯನನ್ನು ಕಾದು ಫಲವಿಲ್ಲ ಎಂದು ನಾನೇ ಕಾಲುಗಳನ್ನು ಒಂದೊಂದಾಗಿ ಹೊರಗೆಳೆದುಕೊಂಡು ಇಳಿದೆ. ಜರಿ ಸೀರೆ ಎತ್ತಿ ಸಿಕ್ಕಿಸಿ ಮನೆಗೆ ಓಡಿದೆ. ಚೌಡಮ್ಮನಿಗೆ ಕೈಮುಗಿದು ಹಿಂದಿನ ಚಕ್ರಗಳಲ್ಲಿ ಒಂದನ್ನು, ವಿಭೂತಿ ಹೂವಿನ ಸಮೇತ, ಬೀದಿಗುಂಟ ಉರುಳಿಸಿಕೊಂಡು ಬಂದೆ. ದೂರದಿಂದಲೇ ಕಂಡ ಇವರು ಕಾರಿನಿಂದ ಹಾರಿ, "ಮೆಲ್ಲಗೆ ಸರಸು, ಮೆಲ್ಲಗೆ, ಅಲ್ಲಿ ಕಲ್ಲಿದೆ" ಎಂದು ಎದುರು ಓಡಿ ಬಂದರು. ಅವರನ್ನು ದಾಟಿಸಿ ಉರುಳಿಸಿದೆ. ನೆಂಟರು ಎತ್ತಿ ಹಿಡಿದರು, ಇವರು ನಟ್ಟು ಬಿಗಿದರು. ಮಗಳನ್ನು ಧಾರೆಯೆರೆದು ಕೊಟ್ಟ ತಂದೆಯ ಮುಖವಿತ್ತು. ಹೊಸ ಚಕ್ರ ಕೊಬ್ಬಿತ್ತು, ಆಚೆಯದು ಬೋಳು, ಆದ್ದರಿಂದ ಕಾರು ಕೆಳಗಿಳಿದ ಮೇಲೆ ರಾಮಲಿಂಗು ಬಲಕ್ಕೆ ವಾಲಿದ. ಪರವಾಯಿಲ್ಲ, ವಾಲಿದರೂ ಬೀಗರ ಮುಂದೆ ಕಾರಿನಲ್ಲೇ ಹೋಗುತ್ತಾನೆ. ಅವ್ವ ಕಣ್ಣೊರೆಸಿಕೊಂಡಿತು. ಗೆದ್ದೆ ಅಂದುಕೊಂಡೆ. ನನ್ನ ಸೀಟು ಖಾಲಿಯಾಗಿ ಕಾಯುತ್ತಿತ್ತು.

ಹತ್ತಲು ಹೋದವಳು ಹಾಗೇ ಒಮ್ಮೆ ರಸ್ತೆ ನೋಡಿದೆ. ಚಕ್ರದ ಮುಂದೆಯೇ ಒಡೆದ ತೆಂಗಿನ ಚಿಪ್ಪು, ಚೂಪಾಗಿ ಮೇಲೆ ನೋಡುತ್ತಾ ಬಿದ್ದಿತ್ತು. ಅಷ್ಟು ದೂರ ಉರುಳಿಸಿಕೊಂಡು ಬಂದಿದ್ದೆನಲ್ಲ, ಆ ರಬ್ಬರು ಕೂದಲಿನ ಮೆತ್ತನೆ ಸ್ಪರ್ಶ ಇನ್ನೂ ಅಂಗೈಯಲ್ಲೇ ಇತ್ತು. ಬಗ್ಗಿ ಚಿಪ್ಪು ತೆಗೆದೆ. ಆಚೆ ಒಂದು ಮೊಳೆ. ಅದನ್ನೂ ತೆಗೆದು ಸೆರಗಿಗೆ ಹಾಕಿಕೊಂಡೆ. ಇನ್ನೊಂದು ಮೊಳೆ, ಒಂದು ಗಾಜಿನ ಚೂರು. "ಬಾ, ಕೂತ್ಕೋ, ಹೊತ್ತಾಯ್ತು" ಎಂದು ಇವರು ಕರೆದರು. "ಇರೀಂಗ, ಸುಮ್ನೆ ನನ್ನ ಹಿಂದೆ ಓಡ್ಸಿ" ಎಂದು ಗದರಿದೆ. ಖಾಲಿ ಸೀಟು ಒಳ್ಳೆಯದಲ್ಲ ಎಂದು ಅದರಲ್ಲಿ ಅವ್ವನನ್ನು ಕೂರಿಸಿದರು.

ಮಂಟಪದ ಬಾಗಿಲಲ್ಲಿ ಬೀಗಿತ್ತಿ ಗಂಧ ಸಕ್ಕರೆ ನೀಡಿದಾಗ ತೆಗೆದುಕೊಳ್ಳಲು ನನಗೆ ಕೈ ಇರಲಿಲ್ಲ, ಸೆರಗಿನ ತುಂಬ ಮೊಳೆ. ಚಕ್ರದ ಮುಂದೆ ಇನ್ನೊಂದು ಮೊಳೆ ಕಂಡು ಬಗ್ಗಿದೆ, ಸರಿಯಾಗಿ ಅದೇ ಹೊತ್ತಿಗೆ ಫೋಟೊದವನು ಪಟ ತೆಗೆದ. ಮದುವೆಯಾಗಿ ಕೆಲವು ದಿನಕ್ಕೆ ಆಲ್ಬಮ್ ಬಂತು. ಬಲಕ್ಕೆ ವಾಲಿ ನಗುತ್ತಿರುವ ರಾಮಲಿಂಗು, ಸ್ಟೀರಿಂಗು ಹಿಡಿದ ನಮ್ಮ ಮನೆಯವರು, ಪಕ್ಕದಲ್ಲಿ ಮಹಾರಾಣಿಯಂತೆ ಅವ್ವ, ಮತ್ತೆ ಕಾರಿನ ಮುಂದೆ ಎಲ್ಲರಿಗೂ ಅಡ್ಡವಾಗಿ ಬಗ್ಗಿದ ಒಂದು ಜರಿ ಸೀರೆಯ ಬೆನ್ನು. ಅವ್ವನ ಹೊಸ ಸೊಸೆ ಅದರ ಮೇಲೆ ಬೆರಳಿಟ್ಟು, "ಅತ್ತಿಗೆ, ಇವರು ಯಾರು? ನಮ್ಮ ಕಡೆಯವರಂತೂ ಅಲ್ಲ, ನಿಮ್ಮ ಕಡೆಯವರಾ?" ಎಂದು ಕೇಳಿದಳು.

"ಎರಡು ಕಡೇನೂ ಅಲ್ಲಮ್ಮಾ," ಅಂದೆ, "ಟಯರಿನ ಕಡೆಯವರು."