ನಲವತ್ತಕ್ಕೂ ಇನ್ನೂರಕ್ಕೂ ನಡುವೆ ಅಪ್ಪ

ನಮ್ಮ ಕುರುಬರಹಳ್ಳಿಯಲ್ಲಿ ನನಗೆ ಬಾರದ ದನಿಯಿಲ್ಲ. ಹೂವಿನ ಆಂಟಿ, ಮನೆ ಓನರ್ ತಾತ, ಗ್ಯಾಸ್ ತರುವ ಅಣ್ಣ, ಎಲ್ಲರನ್ನೂ ಅವರೆದುರೇ ಅಣಕಿಸಿ ಬೈಸಿಕೊಂಡವನು ನಾನು. ಅದರಲ್ಲೂ ಅಪ್ಪನ ದನಿ ನನ್ನ ಸ್ಪೆಷಲ್ ಐಟಂ. ಲೇತ್ ಮೆಷಿನ್ನಿನ ಸದ್ದನ್ನೂ ಮೀರಿಸುತ್ತಿದ್ದ ಆ ಗಂಟಲಲ್ಲಿ ನಾನು "ಲೇ, ಕಾಫಿ" ಎಂದರೆ ಸಾಕು, ಅಮ್ಮ ಲೋಟ ಹಿಡಿದು ಬಂದು ಮೋಸ ಹೋಗುತ್ತಿದ್ದಳು!

ಅಪ್ಪ ಹೋಗಿ ವರ್ಷವಾಯಿತು. ಉಳಿದದ್ದು ಅಮ್ಮನ ಫೋನಿನಲ್ಲಿರುವ ಒಂದೇ ಒಂದು ವಾಯ್ಸ್ ಮೆಸೇಜ್.

"ಫೋನಲ್ಲಿ ಸೊಳ್ಳೆ ಥರ ಕೇಳುತ್ತೆ ಕಣೋ," ಎಂದಳು ಅಮ್ಮ. "ಅವರು ತಂದಿದ್ರಲ್ಲ ಹೋಂ ಥಿಯೇಟರು, ಅದ್ರಲ್ಲಿ ಬರಲ್ವಾ? ಎಡೆ ದಿನ ಒಂದ್ಸಲ ಸರಿಯಾಗಿ ಕೇಳ್ಬೇಕು."

"ಅಯ್ಯೋ ಅಮ್ಮ, ಅಪ್ಪನೇ ಬಂದು ಕೂತಂಗಿರುತ್ತೆ, ನೋಡ್ತಿರು!" ಎಂದೆ. ಹೇಳಬಾರದಿತ್ತು.

ಎರಡು ವಿಡಿಯೋ ನೋಡಿ ಪಂಡಿತನಾದೆ. ಕ್ರಾಸ್‌ಓವರ್ ಎಂದರೆ ಗಡಿ. ಹರ್ಟ್ಸ್ ಅನ್ನುವ ಲೆಕ್ಕದಲ್ಲಿ ಒಂದು ನಂಬರಿಗಿಂತ ಕೆಳಗಿನ ದಪ್ಪ ಸದ್ದು ಸಬ್‌ವೂಫರ್ ಎಂಬ ದೊಡ್ಡ ಡಬ್ಬಕ್ಕೆ, ಮೇಲಿನದು ಪುಟ್ಟ ಸ್ಪೀಕರುಗಳಿಗೆ. ಪುಟ್ಟವು ಪಾಪ, ದಣಿಯಬಾರದೆಂದು ಅವಕ್ಕೆ ಇನ್ನೂರರಿಂದ ಮೇಲಿನ ಕೆಲಸ ಮಾತ್ರ ಕೊಟ್ಟೆ. ಡಬ್ಬಕ್ಕೂ ವಯಸ್ಸಾಗಿದೆ, ಅದಕ್ಕೆ ನಲವತ್ತರವರೆಗೆ ಸಾಕು ಎಂದು ಅದರ ಹಿಂಬದಿಯ ತಿರುಗಣೆಯನ್ನು ಇಳಿಸಿದೆ. ಇಬ್ಬರಿಗೂ ನ್ಯಾಯ!

ಎಡೆಯ ದಿನ ರಾಜಾಜಿನಗರದಿಂದ ಅಪ್ಪನ ಅಕ್ಕ, ನಮ್ಮ ಸಾವಿತ್ರತ್ತೆ, ಬಂದಳು. ಎತ್ತರ ಸರಿಯಾಗಿದೆಯೆಂದು ಅಪ್ಪನ ಫೋಟೋವನ್ನು ಆ ಡಬ್ಬದ ಮೇಲೆಯೇ ಇಟ್ಟು ಹಾರ ಹಾಕಿದಳು. ಮುಂದೆ ಬಾಳೆಲೆ, ಅದರ ಮೇಲೆ ಮುದ್ದೆ, ಬಟ್ಟಲಲ್ಲಿ ಕೋಳಿ ಸಾರು, ವಡೆ. ಹೋದವರು ಸಂಕೋಚವಿಲ್ಲದೆ ಉಣ್ಣಲಿ ಎಂದು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು ನಮ್ಮಲ್ಲಿ ಪದ್ಧತಿ. ನಿಂತೆವು.

ನನ್ನ ಕೈಯಲ್ಲಿ ಅಮ್ಮನ ಫೋನು. ಒಳಗಿನ ಸ್ಪೀಕರಿಗೆ ಕನೆಕ್ಟ್ ಆಗಿದೆಯೋ ಇಲ್ಲವೋ ನೋಡೋಣವೆಂದು ಒತ್ತಿದೆ ಅಷ್ಟೇ.

ಮುಚ್ಚಿದ ಬಾಗಿಲ ಹಿಂದಿನಿಂದ ದನಿ ಬಂತು: "ಏ, ನಾನು ಕಣೇ..."

ಅತ್ತೆ ಕಿಟಾರನೆ ಕಿರುಚಿ ಗೋಡೆಗೆ ಆತುಕೊಂಡಳು. "ಬಂದ್ನಲ್ಲೇ, ನನ್ನ ತಮ್ಮ!"

ಅಮ್ಮ ಕಿವಿಗೊಟ್ಟಳು. ಮುಖ ಬಿಗಿಯಾಯಿತು. ಆ ದನಿ ನೆಗಡಿ ಹಿಡಿದ ಹುಡುಗನ ದನಿಯಂತೆ ತೆಳ್ಳಗಿತ್ತು.

"ಇದು ಅವರಲ್ಲ," ಎಂದಳು. "ನಿಂದೇ ಮಿಮಿಕ್ರಿ. ಇವತ್ತೊಂದಿನಾನೂ ಬಿಡಲ್ವೇನೋ?"

"ಇಲ್ಲಮ್ಮ, ಅಪ್ಪನ ಆಣೆಗೂ..."

"ಅವರ ಆಣೆ ಬೇರೆ ಹಾಕ್ತೀಯಾ?"

ಜೀವಮಾನವಿಡೀ ಸುಳ್ಳು ದನಿ ಕೇಳಿಸಿದವನು ನಿಜವಾದ ದನಿ ಕೇಳಿಸಿದರೆ ನಂಬುವವರು ಯಾರು? ಒಳಗೆ ಓಡಿದೆ. ದಪ್ಪ ಬೇಕು ತಾನೆ ಎಂದು ಡಬ್ಬದ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಮತ್ತೆ ಒತ್ತಿದೆ. ಅಪ್ಪ ಮೆಸೇಜ್ ಕಳಿಸಿದ್ದು ಬಸ್ ಸ್ಟಾಪಿನಿಂದ. ನಡುಮನೆಯೊಳಗೆ ಬಸ್ಸೇ ನುಗ್ಗಿತು! ಡಬ್ಬ ನಡುಗಿತು, ಫೋಟೋ ಎರಡು ಹೆಜ್ಜೆ ನಡೆಯಿತು, ಮುಖ ಕೆಳಗಾಗಿ ಕೋಳಿ ಸಾರಿಗೆ ಬಿತ್ತು.

ಅತ್ತೆಯೊಂದಿಗೆ ಒಳಗೆ ಬಂದ ಅಮ್ಮ ಬೈಯಲಿಲ್ಲ. ಕೂತು, ಸೆರಗಿನಿಂದ ಗಾಜಿನ ಮೇಲಿನ ಸಾರು ಒರೆಸಿದಳು. ಬೈದಿದ್ದರೆ ಚೆನ್ನಾಗಿತ್ತು.

"ಅವನ ದನಿ ಹೊಟ್ಟೆಯಿಂದ ಬರ್ತಿತ್ತು ಕಣೋ," ಎಂದಳು ಅತ್ತೆ ಮೆಲ್ಲಗೆ. "ಇದು ಬರೀ ಮೂಗಿಂದ ಬರ್ತಿದೆ. ಮಧ್ಯದ್ದೆಲ್ಲ ಎಲ್ಲಿ ಹೋಯ್ತು?"

ಆಗ ಹೊಳೆಯಿತು. ಡಬ್ಬದ ಡ್ಯೂಟಿ ನಲವತ್ತಕ್ಕೆ ಮುಗಿಯಿತು, ಪುಟ್ಟವುಗಳ ಡ್ಯೂಟಿ ಇನ್ನೂರಕ್ಕೆ ಶುರು. ನಡುವೆ ಯಾರಿಗೂ ಡ್ಯೂಟಿಯೇ ಇಲ್ಲ. ಅಪ್ಪನ ದನಿಯ ದಪ್ಪವೆಲ್ಲ ಇದ್ದದ್ದು ಅಲ್ಲೇ! ನಾನೇ ನನ್ನ ಕೈಯಾರೆ ಅವನನ್ನು ಹೊರಗಿಟ್ಟಿದ್ದೆ.

ವಾಲ್ಯೂಮ್ ಇಳಿಸಿದೆ. ಎರಡು ಗಡಿಗಳನ್ನೂ ತಂದು ನೂರಕ್ಕೆ ಕೂಡಿಸಿದೆ. ಮತ್ತೆ ಒತ್ತಿದೆ.

"ಏ, ನಾನು ಕಣೇ. ಹೀರೇಕಾಯಿ ಎಳೇದು ಸಿಕ್ಕಿದೆ. ತರ್ಲಾ? ಬೇಗ ಹೇಳು, ಬಸ್ ಬಂತು."

ನಡುಮನೆಯಲ್ಲಿ ಅಪ್ಪ ನಿಂತಿದ್ದ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಮ್ಮ ಮಾತ್ರ, ಫೋಟೋ ಮಡಿಲಲ್ಲಿಟ್ಟುಕೊಂಡು, ತೀರಾ ಸಹಜವಾಗಿ ಡಬ್ಬದ ಕಡೆ ತಿರುಗಿ ಉತ್ತರಿಸಿದಳು:

"ಬ್ಯಾಡ ರೀ. ನಿನ್ನೆ ತಂದಿದ್ದೇ ಇದೆ. ನೀವು ಬನ್ನಿ ಸಾಕು."

ಆಮೇಲೆ ಅಮ್ಮ, "ಇನ್ನೊಂದ್ಸಲ ಹಾಕೋ," ಎಂದಳು.

ಹಾಕಲು ಹೋದೆ. ಫೋನಿನ ಸ್ಕ್ರೀನೆಲ್ಲ ಮಂಜು ಮಂಜು, ಬಟನ್ನೇ ಕಾಣಲಿಲ್ಲ. ಇದಕ್ಕೆ ಯಾವ ಸೆಟ್ಟಿಂಗ್ ಎಂದು ಎರಡು ವಿಡಿಯೋದಲ್ಲೂ ಹೇಳಿರಲಿಲ್ಲ. ಕೊನೆಗೆ ಫೋನ್ ಮುಟ್ಟಲೂ ಹೆದರುವ ಅತ್ತೆಯೇ ಅದನ್ನು ಕಿತ್ತುಕೊಂಡು, ಒಂದೇ ಬೆರಳಲ್ಲಿ, ಸರಿಯಾದ ಜಾಗಕ್ಕೆ ಒತ್ತಿದಳು.

ಎರಡು ವಿಡಿಯೋದ ಪಂಡಿತರು ಮೂಲೆಯಲ್ಲಿ ನೆಲದ ಸಾರು ಒರೆಸುತ್ತಿದ್ದರು.