ನನ್ನ ಕಂಠದ ಸಾಕ್ಷಿ

ವಿಶ್ವಾಸದಲ್ಲಿ ಗಟ್ಟಿಯಾಗಿರುವವನಿಗೇ ಪರೀಕ್ಷೆಗಳು ಹೆಚ್ಚು ಎನ್ನುತ್ತಾರೆ. ನನಗೆ ಬಂದ ಪರೀಕ್ಷೆಗಳನ್ನು ನೋಡಿದರೆ, ಜಮಖಂಡಿಯಿಂದ ಬೀಳಗಿಯವರೆಗೆ ನನ್ನಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿರಲಿಲ್ಲ. ಬೇಕಾದರೆ ಬನಹಟ್ಟಿಯಲ್ಲಿ ಯಾರನ್ನಾದರೂ ಕೇಳಿ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

೧. ಎಮ್ಮೆಯ ಭಕ್ತಿ

ಆಗ ನಮ್ಮೂರು ಮುಂಬಯಿ ರಾಜ್ಯದಲ್ಲಿತ್ತು. ಬನಹಟ್ಟಿಯಲ್ಲಿ ನಾವು ನಾಲ್ಕಾರು ಕ್ರೈಸ್ತ ನೇಕಾರರ ಮನೆಗಳು, ನನ್ನ ಮನೆಯ ಹತ್ತಿರವೇ ನಮಗೊಂದು ಸಣ್ಣ ಪ್ರಾರ್ಥನಾಲಯ. ಪಾದ್ರಿಗಳು ಮಾತ್ರ ಜಮಖಂಡಿಯಿಂದ ಬರಬೇಕು. ಹಿಂದಿನ ಈಸ್ಟರಿಗೆ ಅವರಿಗೆ ಜ್ವರ, ಕ್ರಿಸ್‌ಮಸ್ಸಿಗೆ ಬಸ್ಸಿಗೆ ಜ್ವರ. ಪಾದ್ರಿಗಳೇ ರೊಟ್ಟಿ, ದ್ರಾಕ್ಷಾರಸ ಹಂಚಬೇಕಾದ ಕರ್ತನ ಭೋಜನವಿಲ್ಲದೆ ಜನ ಬಾಡಿದರು. ಒಬ್ಬೊಬ್ಬರಾಗಿ ಸಭೆಗೆ ಬರುವುದನ್ನೇ ಬಿಟ್ಟರು.

"ಈ ಈಸ್ಟರಿಗೂ ಆಗಲಿಲ್ಲಂದ್ರ ಬಾಗಲಾ ಹಾಕಿ, ಕೀಲಿ ಪಾದ್ರಿಗಳ ಕೈಗೇ ಕೊಟ್ಟ ಬಿಡೂಣು," ಎಂದರು ಸಭೆಯ ಹಿರಿಯರು.

ನನಗೂ ಬೇಸರ ಬಂತು. ಒಂದು ರವಿವಾರ ಹಾಡೂ ಬೇಡ, ಪ್ರಾರ್ಥನೆಯೂ ಬೇಡ ಎಂದು ಮಗ್ಗಕ್ಕೆ ಕುಳಿತೆ. ಲಾಳಿ ಓಡಿತೋ ಇಲ್ಲವೋ, ನೆರೆಮನೆಯ ಲಿಂಗಾಯತರ ಆಯಿ ಹಾಲಿನ ಚರಗಿ ಹಿಡಿದು ಬಾಗಿಲಲ್ಲಿ ನಿಂತಳು.

"ಯಾಕೋ, ಇವತ್ತ ರವಿವಾರ ಅಲ್ಲೇನು? ಮಗ್ಗ ಯಾಕ ಬಡ್ಯಾಕತ್ತಿ?"

"ಮನಸಿಗೆ ಸಮಾಧಾನ ಇಲ್ಲಬೇ ಆಯಿ."

"ನಿನ್ನ ಸಮಾಧಾನ ತಗೊಂಡು ನಾ ಏನ ಮಾಡ್ಲಿ? ನೀ ಹಾಡಿದ್ರ ನಮ್ಮ ಎಮ್ಮಿ ಹಾಲ ಬಿಡತೈತಿ. ಮುಂಜಾನಿಂದ ಕಾಯಾಕತ್ತೈತಿ ಪಾಪ. ಹಾಡು!"

ಹಾಡಿದೆ. ನಮ್ಮ ಸಭೆಗೆ ಆ ದಿನ ತಪ್ಪದೆ ಹಾಜರಾದ ಜೀವ ಆ ಎಮ್ಮೆ ಒಂದೇ.

೨. ವಿಧೇಯತೆ

ಎಮ್ಮೆಯೇ ಬಿಡದಿದ್ದ ಮೇಲೆ ನಾನು ಬಿಡುವುದುಂಟೇ? ಪಾದ್ರಿಗಳನ್ನು ನಾನೇ ಕರೆತರುತ್ತೇನೆಂದು ಎದೆ ತಟ್ಟಿದೆ. ಹಬ್ಬದ ಹಿಂದಿನ ದಿನ ಸೈಕಲ್ ಹೊಡೆದು ಜಮಖಂಡಿಗೆ ಹೋಗಿ, ಅವರನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೊರಟೆ. ಇಳಿಜಾರು ಬಂತು. ನನ್ನ ಸೈಕಲ್ಲಿಗೆ ಬ್ರೇಕು ಇರಲಿಲ್ಲ. ನನ್ನಂಥ ವಿಶ್ವಾಸಿಗೆ ಅದು ಬೇಕೂ ಇರಲಿಲ್ಲ. ಗಾಬರಿಯಾದ ಪಾದ್ರಿಗಳು ಹಿಂದಿನಿಂದ "ಪ್ರಾರ್ಥನಾ ಮಾಡೂಣು!" ಎಂದು ಕೂಗಿದರು.

ಮುಂದಿನ ಗಳಿಗೆಗೆ ಇಬ್ಬರೂ ಜಾಲಿ ಕಂಟಿಯಲ್ಲಿದ್ದೆವು.

"ರಸ್ತಾ ನೆಟ್ಟಗ ಇತ್ತಲ್ಲೋ! ಹೆಂಗ ಕೆಡವಿದಿ?"

"ನೀವ ಪ್ರಾರ್ಥನಾ ಅಂದ್ರಲ್ಲರೀ? ಕಣ್ಣ ಮುಚ್ಚಿದ್ನಿರಿ."

ಉಳಿದ ದಾರಿಯನ್ನು ಪಾದ್ರಿಗಳು ಕುಂಟುತ್ತ ನಡೆದೇ ಬಂದರು. ದಾರಿಯುದ್ದಕ್ಕೂ ಪ್ರಾರ್ಥಿಸಿದರು, ಕಣ್ಣು ಬಿಟ್ಟುಕೊಂಡು.

೩. ಬೂಚು ಹಾರಿದ್ದು

ಕರ್ತನ ಭೋಜನಕ್ಕೆ ದ್ರಾಕ್ಷಾರಸ ಬೇಕು. ಆದರೆ ಆಗ ರಾಜ್ಯದಲ್ಲೆಲ್ಲ ದಾರೂಬಂದಿ, ಹೆಂಡ ಮುಟ್ಟುವಂತಿಲ್ಲ. ಬಾಯಲ್ಲಿ ಸೆರೆಯ ವಾಸನೆ ಬಂದರೆ ನೇರ ಪೊಲೀಸ್ ಚೌಕಿಗೆ. ಅದಕ್ಕೆ ನಾವು ಒಣದ್ರಾಕ್ಷಿ ಕುದಿಸಿ ಹಿಂಡಿದ ನೀರನ್ನೇ ಬಳಸುತ್ತಿದ್ದೆವು. ಬೇರೆಯವರಾಗಿದ್ದರೆ ಹಬ್ಬದ ಮುಂಜಾನೆ ಹಿಂಡುತ್ತಿದ್ದರು. ನನ್ನ ಭಕ್ತಿ ಅಲ್ಲಿಯವರೆಗೆ ಕಾಯಬೇಕಲ್ಲ? ವಾರ ಮೊದಲೇ ಹಿಂಡಿ, ಬಾಟ್ಲಿಗೆ ತುಂಬಿ, ಬೂಚು ಜಡಿದು, ಆ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಜೋಪಾನವಾಗಿ ಇಟ್ಟಿದ್ದೆ.

ಹಬ್ಬದ ಮುಂಜಾನೆ ಪಾದ್ರಿಗಳು ಕುಂಟುತ್ತ ಮುಂದೆ, ನಾನು ಬಾಟ್ಲಿ ಎತ್ತಿ ಹಿಡಿದು ಹಿಂದೆ. ಪ್ರಾರ್ಥನಾಲಯದ ಎದುರಿನ ಚಹಾದಂಗಡಿಯಲ್ಲಿ ಹವಾಲ್ದಾರ ನಿಂತಿದ್ದ. ಢಬ್! ಬೂಚು ಹಾರಿ ಅವನ ಟೊಪ್ಪಿಗೆಯನ್ನು ಕೆಡವಿತು. ಹುಳಿತ ರಸದ ನೊರೆ ಉಕ್ಕಿ ನನ್ನ ಅಂಗಿಯೆಲ್ಲ ತೊಯ್ದಿತು.

ಹವಾಲ್ದಾರ ನನ್ನನ್ನು ಮೂಸಿ ನೋಡಿದ. "ಮುಂಜಮುಂಜಾನೆ ಏರಿಸೀಯೇನಲೇ? ನಡಿ ಚೌಕಿಗೆ. ಪಾದ್ರಿಗಳ, ನೀವೂ ನಡೀರಿ. ಕಾಲು ನೆಲದ ಮ್ಯಾಲ ನಿಂದರವಲ್ಲವು."

ಬಾಗಿಲಲ್ಲಿ ಕಾಯುತ್ತಿದ್ದ ಹಿರಿಯರ ಕೈ ಕೀಲಿಯ ಕಡೆ ಹೋಯಿತು. ಅಷ್ಟರಲ್ಲಿ ಆಯಿ ಗದ್ದಲ ಕೇಳಿ ಬಂದಳು.

"ಏ ಹವಾಲ್ದಾರಾ, ಬಿಡು ಅವನ್ನ. ಆಂವ ಕುಡಿಯೂ ಮಗಾ ಅಲ್ಲ."

"ನಿನಗೇನ ಗೊತ್ತಬೇ?"

"ದಿನಾ ಅವನ ಹಾಡ ಕೇಳತೇನಿ. ಕುಡದಾವ್ರು ಒಮ್ಮ್ಯಾದ್ರೂ ತಾಳಕ್ಕ ಬರತಾರ!"

ಹವಾಲ್ದಾರ ನನ್ನ ಕಡೆ ತಿರುಗಿದ. "ಹಂಗಾದ್ರ ಹಾಡು, ನೋಡೂಣು."

ಒಂದೇ ಚರಣ ಹಾಡಿದೆ. ಅವನು ಬಾಟ್ಲಿಯನ್ನು ಗಟಾರಕ್ಕೆ ಸುರಿದು, ಟೊಪ್ಪಿಗೆಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, "ಖರೆ ಐತಿ. ಸಾಕು, ಹೋಗ್ರಿ," ಎಂದ.

ಆಯಿಯೇ ಮನೆಯಿಂದ ಒಣದ್ರಾಕ್ಷಿ ತಂದುಕೊಟ್ಟಳು. ಅಲ್ಲೇ ಒಲೆ ಹೂಡಿ ಕುದಿಸಿ ಹಿಂಡಿದೆವು. ಯಾರನ್ನು ಹಿಡಿದರೆಂದು ನೋಡಲು ಬಂದ ನಮ್ಮವರೆಲ್ಲ ಒಳಗೇ ಕುಳಿತರು. ಆ ನೆವದಿಂದ ಸಭೆ ತುಂಬಿತು. ರೊಟ್ಟಿ ಮುರಿದಾಗ ಹಿರಿಯರು ಕಣ್ಣೊರೆಸಿಕೊಂಡು ಕೀಲಿಯನ್ನು ನನ್ನ ಜೇಬಿಗೆ ಹಾಕಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಕೊನೆಯ ಹಾಡಿಗೆ ಪೂರಾ ಕಂಠ ಬಿಟ್ಟೆ.

ಆಯಿಯ ಹಿತ್ತಲಿಂದ ಅವಳ ಕೂಗು ಕೇಳಿತು.

"ನಿಲ್ಲಸೋ ಯಪ್ಪಾ! ಎಮ್ಮಿ ಕೆಳಗ ಇನ್ನೂ ಚರಗಿ ಇಟ್ಟಿಲ್ಲ!"